ಅಮಾವಾಸ್ಯೆ ಇಲ್ಲದ ಪ್ರೋಗ್ರಾಮು

ಆ ಶನಿವಾರವೂ ನಮಗಿಂತ ಮೊದಲು ಎದ್ದದ್ದು ಪಕ್ಕದ ಮನೆಯ ರಾಟೆಗಳು. ಶಿಡ್ಲಘಟ್ಟದ ನಮ್ಮ ಬೀದಿಗೆ ಗಡಿಯಾರ ಬೇಕಿರಲಿಲ್ಲ. ರೇಷ್ಮೆ ಗೂಡು ಬೇಯುವ ವಾಸನೆ ಅಡುಗೆಮನೆ ಕಿಟಕಿಯಿಂದ ಒಳಗೆ ಬಂತೆಂದರೆ ಹಾಲಿನವನು ಬೀದಿ ತಿರುವಿಗೆ ಬಂದ ಅಂತ ಅರ್ಥ. ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ, ಒಂದು ದಿನ ಆ ವಾಸನೆ ಬರದಿದ್ದರೆ ಅವರ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ ಎಂದು ಗೋಡೆಯಾಚೆ ಇಣುಕುವಷ್ಟು ಊರಿನವಳಾಗಿದ್ದೆ.

ಹಾಲು ಕಾಯಿಸಿದೆ, ಡಿಕಾಕ್ಷನ್ ಇಳಿಸಿದೆ, ಮಗಳಿಗೆ ಎರಡು ಜಡೆ ಹೆಣೆದೆ. ಶನಿವಾರ ಬೆಳಗಿನ ಸ್ಕೂಲು. ನನ್ನ ಯಜಮಾನರು ಹೈಸ್ಕೂಲು ಮೇಷ್ಟರು, ಅವರಿಗೂ ಬೆಳಗಿನ ಪಾಳಿಯೇ. ಇಬ್ಬರೂ ಹೊರಟ ಮೇಲೆ ಸಾಮಾನ್ಯವಾಗಿ ನನಗೆ ಒಂದು ಲೋಟ ಕಾಫಿಯಷ್ಟು ಬಿಡುವು ಸಿಗುತ್ತಿತ್ತು. ಆ ದಿನ ಕಾಫಿ ಲೋಟವನ್ನು ಎಲ್ಲಿಟ್ಟೆ ಅನ್ನುವುದೇ ಮರೆತು ಮೂರು ಸಲ ಹುಡುಕಿದೆ. ಬಾಯೊಳಗೆ ಒಂದು ವಾಕ್ಯ ಸುತ್ತುತ್ತಿತ್ತು. ಸಾರಿನ ರುಚಿ ನೋಡುವಾಗಲೂ ಅದು, ಬಟ್ಟೆ ಹಿಂಡುವಾಗಲೂ ಅದು. ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. "ಸಾರ್, ಖಾಲಿ ಇರೋ ಆ ಕುರ್ಚಿ ನನಗೆ ಕೊಡ್ತೀರಾ?"

ಕುರ್ಚಿಯ ಕತೆ ಹೇಳಬೇಕು. ಚಿಕ್ಕಬಳ್ಳಾಪುರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ದೇವರ ಮನೆಗೆ ಹೋದ ಹಾಗೆ. ಅಲ್ಲೇ ನಾನು ಕೋರ್ಸು ಮಾಡಿದ್ದು, ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದ್ದು. ಕೆಲಸವೆಂದರೆ ಡೇಟಾ ಎಂಟ್ರಿ. ಕರೆಂಟ್ ಬಿಲ್ಲಿನ ಮೀಟರ್ ರೀಡಿಂಗುಗಳನ್ನು ಒಂದೊಂದಾಗಿ ಒತ್ತುವುದು. ಎಂಟ್ರಿ ಮಾಡುವವರಿಗೆ ಮಡಚುವ ಕಬ್ಬಿಣದ ಕುರ್ಚಿ. ಪ್ರೋಗ್ರಾಮ್ ಬರೆಯುವವನಿಗೆ ಮಾತ್ರ ಕಿಟಕಿಯ ಪಕ್ಕ ತಿರುಗುವ ಕುರ್ಚಿ. ಅದರಲ್ಲಿ ಕೂರುತ್ತಿದ್ದ ಹುಡುಗ ಹಿಂದಿನ ತಿಂಗಳು ಬೇರೆ ಕಡೆ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದ. ಸೋಮವಾರ ಹೊಸಬನೊಬ್ಬನನ್ನು ಕರೆಸಿ ನೋಡುತ್ತೇನೆ ಎಂದು ಸೆಂಟರಿನ ಸಾರ್ ಹೇಳಿದ್ದರು. ಸಾರ್ ಅಂದರೆ ಸೆಂಟರ್ ಇಟ್ಟವರು, ಒಳ್ಳೆಯವರು, ಯಾವಾಗಲೂ ಅರ್ಧ ಮಾತು ಫೋನಿನಲ್ಲಿ, ಅರ್ಧ ಮಾತು ನಮ್ಮ ಜೊತೆ. ಹೊಸಬ ಬರುವ ಮುಂಚೆ ನನಗೆ ಉಳಿದದ್ದು ಆ ಶನಿವಾರವೊಂದೇ.

ಆ ಕುರ್ಚಿಗೆ ಯಾರಿಗೂ ನನ್ನ ನೆನಪು ಯಾಕೆ ಬರಲಿಲ್ಲ ಎಂದು ಈಗ ಯೋಚಿಸಿದರೆ ಕಾರಣ ಗೊತ್ತಾಗುತ್ತದೆ. ನಾನು ಎಂಟ್ರಿಯಲ್ಲಿ ತಪ್ಪು ಮಾಡುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಮಾರ್ಜಿನ್ ಎಳೆಯುವುದನ್ನು ಪ್ರಾರ್ಥನೆಯ ಹಾಗೆ ಕಲಿಸಿದ್ದರು. ನೀರು ಕುಡಿಯಲೂ ಕೈ ಎತ್ತಿ ಕೇಳಬೇಕು. ಕೇಳಿದ ಮೇಲೆ ಕೊಟ್ಟರೆ ಸರಿ, ಕೊಡದಿದ್ದರೆ ಕೈ ಇಳಿಸಿ ಕೂರಬೇಕು. ತನ್ನನ್ನು ತಾನೇ ಹೊಗಳಿಕೊಳ್ಳುವ ಹುಡುಗಿಗಿಂತ ಕೆಟ್ಟ ಹುಡುಗಿ ಇನ್ನೊಬ್ಬಳಿಲ್ಲ. ಆ ಅಚ್ಚುಕಟ್ಟು ನನ್ನನ್ನು ಕಬ್ಬಿಣದ ಕುರ್ಚಿಗೆ ಅಂಟಿಸಿಬಿಟ್ಟಿತ್ತು. ಒಂದು ಕೆಲಸವನ್ನು ತೊಡಕಿಲ್ಲದೆ ಮಾಡಿಕೊಂಡು ಹೋಗುವವರನ್ನು ಅಲ್ಲಿಂದ ಎಬ್ಬಿಸಲು ಯಾರಿಗೆ ಮನಸ್ಸು ಬರುತ್ತದೆ?

ಆದರೆ ಆ ತಿಂಗಳು ನಾನು ಒಂದು ಪ್ರೋಗ್ರಾಮ್ ಬರೆದಿದ್ದೆ. ಚಿಂತಾಮಣಿ ರಸ್ತೆಯಲ್ಲಿ ಒಬ್ಬರು ಚಾಕಿ ಕೇಂದ್ರ ನಡೆಸುತ್ತಿದ್ದರು. ರೇಷ್ಮೆ ಹುಳ ಮೊಟ್ಟೆಯೊಡೆದು ಬಂದಾಗ ಎಳ್ಳಿನ ಹುಡಿಯಷ್ಟು ಸಣ್ಣದಿರುತ್ತದೆ. ಆ ಎಳೆ ಹುಳವನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಮೇವು ಬಿಟ್ಟು ನಿದ್ದೆಗೆ ಬೀಳುವವರೆಗೆ ಕೇಂದ್ರದವರೇ ಸಾಕಿ, ಆ ನಿದ್ದೆಯಲ್ಲಿರುವಾಗಲೇ ರೈತರಿಗೆ ಕೊಡುತ್ತಾರೆ. ಯಾವ ರೈತನಿಗೆ ಯಾವ ದಿನ ಹುಳ, ಅದಕ್ಕೆ ಯಾವ ದಿನ ಮೊಟ್ಟೆಯನ್ನು ತಣ್ಣನೆ ಕೋಣೆಯಿಂದ ಹೊರಗೆ ತೆಗೆಯಬೇಕು, ಇದನ್ನೆಲ್ಲ ಕಂಪ್ಯೂಟರ್ ಹೇಳಿ ಚೀಟಿ ಮುದ್ರಿಸಬೇಕು ಎಂಬುದು ಅವರ ಆಸೆ. ಹೋದ ಹುಡುಗ ಅದನ್ನು ಶುರು ಮಾಡಿ ಬಿಟ್ಟಿದ್ದ. "ಅದನ್ನ ಸ್ವಲ್ಪ ನೋಡಿಟ್ಟಿರಮ್ಮ" ಎಂದು ಸಾರ್ ಫೋನಿನ ಮಧ್ಯೆ ನನಗೆ ಹೇಳಿದ್ದರು. ನೋಡಿದರೆ ಅದರಲ್ಲಿ ಪರದೆಯ ಮೇಲಿನ ಬಣ್ಣದ ಚೌಕಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ನಾನೇ ಮೊದಲಿಂದ ಬರೆದೆ.

ಮೆಷಿನ್ ನನಗೆ ಸಿಗುತ್ತಿದ್ದದ್ದು ಎಂಟ್ರಿ ಮುಗಿದ ಮೇಲೆ, ಕರೆಂಟ್ ಇದ್ದರೆ. ಹಾಗಾಗಿ ಬರೆಯುವುದೆಲ್ಲ ಮನೆಯಲ್ಲಿ, ಪ್ರಿಂಟರಿನ ಹಾಳು ಕಾಗದದ ಹಿಂಬದಿಯಲ್ಲಿ. ಓಡಿಸಿ ನೋಡುವುದು ಅಡುಗೆಮನೆಯಲ್ಲಿ. ಒಗ್ಗರಣೆ ಡಬ್ಬಿಯ ಬಟ್ಟಲುಗಳೇ ನನ್ನ ಮೆಮೊರಿ. ಮೊಟ್ಟೆ ತೆಗೆಯುವ ದಿನಕ್ಕೊಂದು ಬಟ್ಟಲು, ಹುಳ ಹೊರಬರುವ ದಿನಕ್ಕೊಂದು, ಹುಳ ಕೊಡುವ ದಿನಕ್ಕೊಂದು. ಒಂದು ದಿನಕ್ಕೆ ಒಂದು ಕಡಲೆಬೇಳೆ. ಕಾಗದದ ಒಂದೊಂದು ಸಾಲು ಓದುತ್ತಾ ಬೇಳೆಯನ್ನು ಬಟ್ಟಲಿಂದ ಬಟ್ಟಲಿಗೆ ಹಾಕುತ್ತಾ ಹೋದರೆ ಎಲ್ಲಿ ತಪ್ಪುತ್ತಿದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. "ಏನೇ, ಸಾಸಿವೆಗೂ ಕಡ್ಲೆಬೇಳೆಗೂ ಮದುವೆ ಮಾಡ್ತಾ ಇದ್ದೀಯಾ?" ಎನ್ನುತ್ತಿದ್ದರು ನಮ್ಮತ್ತೆ. ಒಂದೆರಡು ದಿನ ನಮ್ಮ ಒಗ್ಗರಣೆಯಲ್ಲಿ ಜೀರಿಗೆಯ ಜೊತೆ ಏನೇನೋ ಸಿಡಿದದ್ದೂ ಉಂಟು.

ಆ ಪ್ರೋಗ್ರಾಮನ್ನು ಚಾಕಿ ಕೇಂದ್ರದ ಯಜಮಾನರಿಗೆ ಓಡಿಸಿ ತೋರಿಸುವುದು ಆ ಶನಿವಾರವೇ. ಅವರೇ ಆ ದಿನ ಹೇಳಿದ್ದು. "ಅವತ್ತು ನಂಗೂ ಬಿಡುವು" ಅಂದಿದ್ದರಂತೆ.

ನಾನು ಸೀರೆ ಉಟ್ಟು ಹೊರಟಾಗ ಅತ್ತೆ ನಡುಮನೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಅಮಾವಾಸ್ಯೆಯಂದು ಅವರದು ಒಪ್ಪತ್ತು, ಒಂದೇ ಊಟ. ಶನಿವಾರದ ಚೌಕದಲ್ಲಿದ್ದ ಕಪ್ಪು ಬೊಟ್ಟಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

"ಕೇಳ್ತೀನಿ ಕೇಳ್ತೀನಿ ಅಂತಿದ್ಯಲ್ಲ, ಇವತ್ತು ಮಾತ್ರ ಬಾಯಿ ಬಿಡಬೇಡ ಕಣೇ. ಅಮಾವಾಸ್ಯೆ. ಅದೂ ಶನಿವಾರದ್ದು."

"ಸೋಮವಾರ ಬೇರೆಯವರು ಬಂದುಬಿಡ್ತಾರೆ ಅತ್ತೆ."

"ಬರ್ಲಿ. ಅಮಾವಾಸ್ಯೆ ದಿನ ಎತ್ತಿಗೂ ನೊಗ ಹಾಕಲ್ಲ. ನೀನು ಕುರ್ಚಿ ಕೇಳ್ತೀಯಾ?"

ಚಪ್ಪಲಿ ಮೆಟ್ಟಿದೆ. ಬಸ್ ಸ್ಟ್ಯಾಂಡಿನವರೆಗೂ ಯಾವುದು ದೊಡ್ಡ ತಪ್ಪು ಎಂದು ತೂಗುತ್ತಾ ಹೋದೆ. ಅತ್ತೆಯ ಮಾತು ಮೀರುವುದೋ, ಸೋಮವಾರದವರೆಗೆ ಕೈ ಎತ್ತದೆ ಕೂರುವುದೋ. ಅಮಾವಾಸ್ಯೆಯ ಬಸ್ಸು ಖಾಲಿ ಖಾಲಿ ಇತ್ತು. ಹಳ್ಳಿಯ ಜನ ಕಡಿಮೆ. ಕಿಟಕಿಯಾಚೆ ಹೊಲಗಳಲ್ಲಿ ನೇಗಿಲು ಕಾಣಲಿಲ್ಲ, ಎತ್ತುಗಳು ಮರದ ಕೆಳಗೆ ಮಲಗಿದ್ದವು. ಇದೆಲ್ಲ ನನ್ನ ಕಣ್ಣಿಗೆ ಬಿತ್ತು. ಎಷ್ಟು ಚೆನ್ನಾಗಿ ಕಂಡಿತ್ತೆಂದರೆ, ಒಂದು ಬಿಳಿ ಎತ್ತಿನ ಕೊಂಬಿಗೆ ಯಾರೋ ಹಸಿರು ಬಣ್ಣ ಹಚ್ಚಿ ಒಂದು ಕಡೆ ಅರ್ಧಕ್ಕೆ ಬಿಟ್ಟದ್ದು ಇವತ್ತಿಗೂ ನೆನಪಿದೆ. ಕಂಡರೂ ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆ ವಾಕ್ಯ ಇತ್ತಲ್ಲ.

ಚಾಕಿ ಕೇಂದ್ರದ ಯಜಮಾನರು ಊಟದ ಹೊತ್ತು ಕಳೆದ ಮೇಲೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲ್ಲು. ಚಪ್ಪಲಿ ಬಿಡುತ್ತಲೇ, "ಏಮಿ ಸಾರೂ, ನಿಮ್ಮ ಮೆಷಿನ್ನು ನಮ್ಮ ಹುಳುಗಿಂತ ಸುಕುಮಾರ ಅಂತ ಕಾಣುತ್ತೆ! ಒಳಗೆಲ್ಲ ಚಳಿ ಚಳಿ" ಎಂದು ನಕ್ಕರು. ಅವರ ಕನ್ನಡದಲ್ಲಿ ತೆಲುಗು ಉಪ್ಪಿನ ಹಾಗೆ ಕರಗಿತ್ತು.

ಸಾರ್ ತಾವೇ ತಿರುಗುವ ಕುರ್ಚಿಯಲ್ಲಿ ಕೂತರು. ನಾನು ಹಿಂದೆ ನಿಂತೆ, ಕಾಗದ ಸರಿಯಾಗಿ ಬರುತ್ತದೋ ಎಂದು ಪ್ರಿಂಟರ್ ನೋಡಿಕೊಳ್ಳಲು. "ನಮ್ಮ ಪ್ರೋಗ್ರಾಮರ್ ಹೋಗೋಕೆ ಮುಂಚೆ ಮಾಡಿಟ್ಟಿದ್ದು ಇದು. ಒಳ್ಳೆ ಬುದ್ಧಿವಂತ ಹುಡುಗ" ಎಂದರು ಸಾರ್. ಅವರಿಗೆ ಮೋಸದ ಮನಸ್ಸಿರಲಿಲ್ಲ, ಅವರು ಹಾಗೆಯೇ ತಿಳಿದುಕೊಂಡಿದ್ದರು. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ನನ್ನ ಬೆರಳುಗಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದವು. ಈಗ ಹೇಳು, ಈಗ ಹೇಳು ಎಂದು ಒಳಗೆ ಒಬ್ಬಳು. ಅಮಾವಾಸ್ಯೆ ಎಂದು ಇನ್ನೊಬ್ಬಳು. ಇಬ್ಬರ ಮೇಲೂ ಒಬ್ಬ ಸಿಸ್ಟರ್, ತುಟಿಯ ಮೇಲೆ ಬೆರಳಿಟ್ಟುಕೊಂಡು.

ಯಜಮಾನರು ಜೇಬಿನಿಂದ ಪಟ್ಟಿ ತೆಗೆದು ರೈತರ ಹೆಸರುಗಳನ್ನು ಹೇಳುತ್ತಾ ಹೋದರು, ಸಾರ್ ಒತ್ತುತ್ತಾ ಹೋದರು. ದಿನಾಂಕಗಳು ಬಂದವು. ಪ್ರಿಂಟರ್ ಕಿರ್ ಕಿರ್ ಎಂದು ಚೀಟಿಗಳನ್ನು ಉಗುಳಿತು. ಯಜಮಾನರು ಒಂದನ್ನು ಹರಿದುಕೊಂಡು ಕನ್ನಡಕ ಏರಿಸಿದರು. ಆಮೇಲೆ ಇನ್ನೊಂದು. ಮೂರನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಗಟ್ಟಿಯಾಗಿ ನಕ್ಕುಬಿಟ್ಟರು.

"ಅಯ್ಯಯ್ಯಪ್ಪಾ! ಮುಂದಿನ ಅಮಾವಾಸ್ಯೆ ದಿನ ಹುಳ ಕೊಡು ಅಂತೈತಲ್ಲ ಇದು! ಯಾರು ಸಾರೂ ಬರ್ತಾರೆ ಅವತ್ತು? ಗಾಡಿ ಕಟ್ಟಲ್ಲ, ಹುಳ ಮನೆಗೆ ತರಲ್ಲ. ನಾನು ಇವತ್ತು ಇಲ್ಲಿ ಹೆಂಗೆ ಬಂದೆ ಅಂತೀರಿ? ಅಮಾವಾಸ್ಯೆ ಅಂತ ತಾನೇ ಬಿಡುವು!"

ಕ್ಯಾಲೆಂಡರಿನ ಬೊಟ್ಟು, ಅತ್ತೆಯ ಒಪ್ಪತ್ತು, ಖಾಲಿ ಬಸ್ಸು, ಮರದ ಕೆಳಗಿನ ಎತ್ತು, ಎಲ್ಲ ಒಟ್ಟಿಗೆ ಎದುರು ನಿಂತವು. ಬೆಳಗಿನಿಂದ ಅಮಾವಾಸ್ಯೆಯನ್ನೇ ಹೊತ್ತುಕೊಂಡು ತಿರುಗಿದ್ದೇನೆ, ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೇನೆ. ಪ್ರೋಗ್ರಾಮಿನಲ್ಲಿ ಮಾತ್ರ ಅದಕ್ಕೆ ಜಾಗ ಕೊಟ್ಟಿಲ್ಲ. ಯಜಮಾನರು ಹೇಳಿರಲಿಲ್ಲ, ಯಾಕೆಂದರೆ ಅದು ಹೇಳುವ ವಿಷಯವೇ ಅಲ್ಲ. ನಾನು ಕೇಳಿರಲಿಲ್ಲ, ಯಾಕೆಂದರೆ ಅದು ಕೇಳುವ ವಿಷಯವೇ ಅಲ್ಲ. ಬೇರೆ ಊರಿನವಳಾಗಿದ್ದರೆ "ನಿಮ್ಮ ಕಡೆ ಯಾವ ದಿನ ಕೆಲಸ ನಿಲ್ಲುತ್ತೆ?" ಎಂದು ಮೊದಲ ದಿನವೇ ಕೇಳುತ್ತಿದ್ದೆನೇನೋ.

ಸಾರ್ ಗಂಟಲು ಸರಿಮಾಡಿಕೊಂಡರು. "ಆ ಹುಡುಗ... ನೋಡಿ, ಅವನಿಗೆ ಈ ಕಡೆಯದು ಗೊತ್ತಿಲ್ಲ. ಸೋಮವಾರ ಹೊಸಬನ ಹತ್ರ ಸರಿಮಾಡಿಸ್ತೀನಿ. ಒಂದು ದಿನ ಮುಂದಕ್ಕೆ ಹಾಕಿದ್ರೆ ಆಯ್ತು, ಅಷ್ಟೇ ತಾನೆ?"

"ಮುಂದಕ್ಕೆ ಹಾಕೋಕಾಗಲ್ಲ ಸಾರ್."

ಇಬ್ಬರೂ ತಿರುಗಿ ನೋಡಿದರು. ಹೇಳಿದ್ದು ನಾನು. ಬೆಳಗಿನಿಂದ ಅಭ್ಯಾಸ ಮಾಡಿದ ವಾಕ್ಯ ಅದಾಗಿರಲಿಲ್ಲ.

"ಹುಳ ಎರಡನೇ ಜ್ವರದಲ್ಲಿರೋವಾಗಲೇ ಕೊಡಬೇಕಲ್ಲ. ಜ್ವರ ನಾವು ಹೇಳಿದ ದಿನ ಬರಲ್ಲ. ಒಂದು ದಿನ ತಡ ಆದ್ರೆ ಅವು ಎದ್ದು ಮೇವಿಗೆ ಬಾಯಿ ಬಿಡ್ತವೆ. ಕೊನೆ ದಿನ ಬದಲಾಯಿಸೋಕಾಗಲ್ಲ, ಮೊದಲನೇ ದಿನ ಬದಲಾಯಿಸ್ಬೇಕು. ಮೊಟ್ಟೆ ತಣ್ಣನೆ ಕೋಣೆಯಿಂದ ಒಂದು ದಿನ ತಡವಾಗಿ ತೆಗೆದ್ರೆ ಎಲ್ಲಾನೂ ಒಂದು ದಿನ ಜರುಗುತ್ತೆ."

ಯಜಮಾನರು ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. "ಕರೆಕ್ಟಮ್ಮಾ. ನಾವು ಮಾಡೋದೂ ಹಂಗೇ. ನಿಂಗೆ ಹೆಂಗೆ ಗೊತ್ತು?"

ಹೇಗೆ ಗೊತ್ತು ಎಂದರೆ, ಬಟ್ಟಲಿಂದ ಬಟ್ಟಲಿಗೆ ಬೇಳೆ ಹಾಕಿ ಗೊತ್ತು. ಅದನ್ನು ಹೇಳುವುದು ಹೇಗೆ? ಸಾರ್ ನನ್ನನ್ನೇ ನೋಡುತ್ತಿದ್ದರು, ಫೋನು ಬಡಿದುಕೊಳ್ಳುತ್ತಿದ್ದರೂ ಎತ್ತಿರಲಿಲ್ಲ.

"ಅದು ನಾನು ಬರೆದದ್ದು ಸಾರ್. ಆ ಹುಡುಗ ಅಲ್ಲ. ಅಮಾವಾಸ್ಯೆ ಬಿಟ್ಟುಹೋಗಿರೋದೂ ನನ್ನದೇ ತಪ್ಪು."

ಒಳ್ಳೆಯ ಕೆಲಸ ನನ್ನದು ಎಂದು ಹೇಳಲು ಬೆಳಗಿನಿಂದ ಬಾಯಿ ಬಂದಿರಲಿಲ್ಲ. ತಪ್ಪು ನನ್ನದು ಎಂದು ಹೇಳಲು ಒಂದು ಕ್ಷಣವೂ ಬೇಕಾಗಲಿಲ್ಲ. ಅದನ್ನು ಹೇಳುವುದಕ್ಕೆ ಸಿಸ್ಟರುಗಳ ಅಪ್ಪಣೆ ಯಾವಾಗಲೂ ಇತ್ತು. ಅದರ ಬೆನ್ನಿಗೇ ಪ್ರೋಗ್ರಾಮೂ ನನ್ನ ಹೆಸರಿಗೆ ಬಂದುಬಿಟ್ಟಿತು.

ಸಾರ್ ಕುರ್ಚಿಯಿಂದ ಎದ್ದು, "ಹಂಗಾದ್ರೆ ಈಗಲೇ ಸರಿಮಾಡ್ತೀರಾ?" ಎಂದು ಕೇಳಿದರು.

ಕೂತೆ. ಕುರ್ಚಿ ನಾನಂದುಕೊಂಡದ್ದಕ್ಕಿಂತ ಕೆಳಗಿತ್ತು, ಒಂದು ಚಕ್ರ ಅಲ್ಲಾಡುತ್ತಿತ್ತು. ಗೋಡೆಯ ಮೇಲಿದ್ದ ಔಷಧಿ ಅಂಗಡಿಯ ಕ್ಯಾಲೆಂಡರ್ ಕೊಡಿ ಎಂದೆ, ಸಾರ್ ಮೊಳೆಯಿಂದ ಬಿಡಿಸಿ ತಂದುಕೊಟ್ಟರು. ವರ್ಷದ ಅಮಾವಾಸ್ಯೆಗಳನ್ನು ಒಂದು ಬೇರೆ ಕಡತದಲ್ಲಿ ಒತ್ತಿದೆ. ಹುಳ ಕೊಡುವ ದಿನ ಅದರಲ್ಲಿದ್ದರೆ ಮೊಟ್ಟೆ ತೆಗೆಯುವುದನ್ನು ಒಂದು ದಿನ ಮುಂದೂಡು, ಮತ್ತೆ ಲೆಕ್ಕ ಹಾಕು, ಮತ್ತೆ ನೋಡು. ಮಧ್ಯದಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಕೂಗಲು ಶುರುಮಾಡಿತು. ಗಡಿಬಿಡಿಯಲ್ಲಿ ಸೇವ್ ಮಾಡಿ ಕೈ ಎತ್ತಿದೆ. "ನಿಧಾನಕ್ಕೆ ಮಾಡಮ್ಮಾ, ಹೆರಿಗೆ ಏನಲ್ಲ" ಎಂದರು ಯಜಮಾನರು. ಕರೆಂಟ್ ಬಂದ ಮೇಲೆ ಚೀಟಿ ಮತ್ತೆ ಬಂತು. ಹುಳ ಕೊಡುವ ದಿನ ಅಮಾವಾಸ್ಯೆಯನ್ನು ತಪ್ಪಿಸಿಕೊಂಡು ಮರುದಿನದ ಪಾಡ್ಯಕ್ಕೆ ಹೋಗಿ ಕೂತಿತ್ತು. ಯಜಮಾನರು ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, "ಇನ್ಮೇಲೆ ಏನಿದ್ರೂ ಈಯಮ್ಮನ್ನೇ ಕೇಳ್ತೀನಿ" ಎಂದು ಸಾರಿಗೆ ಹೇಳಿ ಇಳಿದುಹೋದರು.

ನಾನು ಚಪ್ಪಲಿ ಮೆಟ್ಟುವಾಗ ಸಾರ್ ಬಾಗಿಲವರೆಗೆ ಬಂದರು.

"ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್."

"ಅದೂ ಸರಿ." ಕತ್ತಿನ ಹಿಂದೆ ಕೆರೆದುಕೊಂಡರು. "ಸೋಮವಾರ ಆ ಹೊಸಬನಿಗೆ ಬರೋದು ಬೇಡ ಅಂತ ಹೇಳ್ತೀನಿ. ಆ ಕುರ್ಚೀಲಿ ನೀವೇ ಕೂತ್ಕೊಳ್ಳಿ. ಆದ್ರೆ ಕರೆಂಟ್ ಬಿಲ್ಲೂ ನೀವೇ ನೋಡ್ಬೇಕಾಗುತ್ತೆ. ನಿಮ್ಮಷ್ಟು ನೀಟಾಗಿ ಇನ್ಯಾರು ಮಾಡ್ತಾರೆ, ಹೇಳಿ?"

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದೇ ನೀಟು ಮತ್ತೆ ಕಬ್ಬಿಣದ ಕುರ್ಚಿಯನ್ನು ತಿರುಗುವ ಕುರ್ಚಿಯ ಪಕ್ಕಕ್ಕೆ ಎಳೆದು ತರುತ್ತಿದೆ ಎಂದು ಕಾಣಿಸಿತು. "ಒಂದು ತಿಂಗಳು ಮಾಡ್ತೀನಿ ಸಾರ್. ಅಷ್ಟರಲ್ಲಿ ಇನ್ನೊಬ್ಬರಿಗೆ ಕಲಿಸಿಬಿಡ್ತೀನಿ. ಆಮೇಲೆ ಬೇಡ." ಸಾರ್ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಳಗೆ ಫೋನು ಹೊಡೆದುಕೊಂಡಿತು, ಹೋದರು.

ಬಸ್ಸಿನಲ್ಲಿ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ ದೂರದವರೆಗೆ. ಆಮೇಲೆ ತಲೆ ಮತ್ತೆ ಲೆಕ್ಕ ಹಾಕಲು ಶುರುಮಾಡಿತು. ಅಮಾವಾಸ್ಯೆ ಬಿಟ್ಟುಹೋಗಿತ್ತು. ಇನ್ನೇನೇನು ಬಿಟ್ಟುಹೋಗಿದೆ? ಯುಗಾದಿ? ಗ್ರಹಣ? ದಿನವೂ ಕಣ್ಣೆದುರಿಗೇ ಇದ್ದು ನನಗೆ ಕಾಣದ ಇನ್ನೆಷ್ಟು ಬೊಟ್ಟುಗಳಿವೆ? ಆಚೆ ಸೀಟಿನಲ್ಲಿ ಒಬ್ಬಾಕೆ ಹೂ ಕಟ್ಟುತ್ತಿದ್ದಳು, ಬಸ್ಸು ಎಷ್ಟು ಕುಲುಕಿದರೂ ಗಂಟು ತಪ್ಪಲಿಲ್ಲ. ನಾನು ನನ್ನ ಬೆರಳುಗಳನ್ನು ಮಡಚಿ ಬಿಚ್ಚಿ ಮಡಚಿ ಊರು ಸೇರಿದೆ.

ಅತ್ತೆ ಹೊಸ್ತಿಲಲ್ಲೇ ಹಿಡಿದರು. "ಕೇಳ್ಬಿಟ್ಟೆಯಾ?"

"ಕೇಳ್ಲಿಲ್ಲ ಅತ್ತೆ. ಅವರೇ ಕೊಟ್ರು."

"ಅಮಾವಾಸ್ಯೆ ದಿನ?"

"ಅಮಾವಾಸ್ಯೆಯಿಂದಲೇ."

ಅವರಿಗೆ ಅರ್ಥವಾಗಲಿಲ್ಲ, ಆದರೂ ದೇವರ ಮುಂದೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದರು. ನನ್ನ ಯಜಮಾನರು ಉತ್ತರಪತ್ರಿಕೆಗಳಿಂದ ತಲೆಯೆತ್ತಿ, "ಇನ್ಮೇಲೆ ಒಗ್ಗರಣೆ ಡಬ್ಬಿ ನಮಗೆ ವಾಪಸ್ ಸಿಗುತ್ತೋ, ಅದೂ ಪ್ರಮೋಷನ್ ಆಯ್ತೋ?" ಎಂದರು. ನಕ್ಕೆ. ನಕ್ಕರೂ ಕೂರಲಾಗಲಿಲ್ಲ. ಕ್ಯಾಲೆಂಡರ್ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಬಟ್ಟೆ ಕಲ್ಲಿನ ಮೇಲೆ ಕೂತು ಇನ್ನುಳಿದ ಬೆಳಕಿನಲ್ಲಿ ಒಂದೊಂದು ಚೌಕವಾಗಿ ನೋಡತೊಡಗಿದೆ.

ಗೋಡೆಯಾಚೆ ರಾಟೆಗಳು ನಿಂತಿದ್ದವು. ಪಕ್ಕದ ಮನೆಯ ಅಕ್ಕ, ಅಂದರೆ ರಾಟೆ ಮನೆಯ ಯಜಮಾನಿ, ಒಣಗಿಸಿದ್ದ ಬಟ್ಟೆ ಎತ್ತುತ್ತಾ ಇಣುಕಿದರು. ನಾವಿಬ್ಬರೂ ಒಬ್ಬರಿಗೊಬ್ಬರು ಅಕ್ಕ, ಯಾರು ದೊಡ್ಡವರು ಎಂದು ಯಾವತ್ತೂ ಲೆಕ್ಕ ಹಾಕಿರಲಿಲ್ಲ.

"ಏನಕ್ಕಾ, ಕತ್ತಲಲ್ಲಿ ಕ್ಯಾಲೆಂಡರ್ ಓದ್ತಾ ಇದ್ದೀರಿ? ಮಗಳಿಗೆ ಈಗಲೇ ಮುಹೂರ್ತ ನೋಡ್ತೀರಾ?"

ಹೇಳಿದೆ, ಎಲ್ಲವನ್ನೂ. ಚೀಟಿ, ಅಮಾವಾಸ್ಯೆ, ಚಾಕಿ ಕೇಂದ್ರದ ಯಜಮಾನರ ನಗು, ಕುರ್ಚಿ. ಅವರು ಬಟ್ಟೆಯ ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಹೂಂ ಹೂಂ ಎಂದು ಕೇಳಿಸಿಕೊಂಡರು. ಅವರಣ್ಣ ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ ಹುಳ ಸಾಕುತ್ತಿದ್ದದ್ದು ನನಗೆ ಗೊತ್ತಿತ್ತು. ಹುಳ ಎಲ್ಲಿಂದ ತರುತ್ತಾರೆ ಎಂದು ಮಾತ್ರ ನಾನು ಯಾವತ್ತೂ ಕೇಳಿರಲಿಲ್ಲ.

ಕ್ಲಿಪ್ಪುಗಳನ್ನು ಬಾಯಿಂದ ತೆಗೆದು ಬುಟ್ಟಿಗೆ ಹಾಕಿ, ಬಟ್ಟೆಯ ರಾಶಿಯನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋಗುತ್ತಾ ಅವರು ಹೇಳಿದರು:

"ನಮ್ಮಣ್ಣಂಗೂ ಅಲ್ಲಿಂದಲೇ ಹುಳ ಅಕ್ಕ. ಅಮಾವಾಸ್ಯೆ ನಮಗೇನೂ ಇಲ್ಲ, ಅವತ್ತು ಬೇಕಾದ್ರೆ ಕೊಡಿ. ಶುಕ್ರವಾರ ಮಾತ್ರ ಹಾಕ್ಬೇಡಿ. ನಮಾಜ್ ಹೊತ್ತಲ್ಲಿ ಹುಳ ತರೋಕೆ ಮನೇಲಿ ಗಂಡಸರೇ ಇರಲ್ಲ."